ವೈಮಾನಿಕನ ಶಿಕ್ಷಣ

ವಿಮಾನದ ಸದ್ದು ಕೇಳಿದೊಡನೆ ತಲೆಯೆತ್ತಿ ನೋಡದ ಮಕ್ಕಳು ವಿರಳ. ಅದರ ರೆಕ್ಕೆ, ಬಾಲ, ವೇಗಗಳನ್ನು ಕುರಿತು ನಾವು ಬಹಳ ಮಾತನಾಡುತ್ತೇವೆ. ಅದನ್ನು ನಡೆಸುವವರು ಹೇಗೆ ಸಿದ್ಧರಾಗುತ್ತಾರೆಂದು ಯೋಚಿಸುವುದು ಕಡಮೆ. ಪ್ರಯಾಣಿಕರ ವಿಮಾನದ ಮುಂಭಾಗದ ಚಿಕ್ಕ ಕೋಣೆಯಲ್ಲಿ ಚಾಲಕರಿಗೆಂದು ಎರಡು ಆಸನಗಳಿರುತ್ತವೆ. ಎಡಗಡೆಯದು ಕ್ಯಾಪ್ಟನ್ನರದು, ಬಲಗಡೆಯದು ಸಹಚಾಲಕರದು. ಹೊಸದಾಗಿ ಕೆಲಸಕ್ಕೆ ಸೇರಿದವರು ಕುಳಿತುಕೊಳ್ಳುವುದು ಬಲಗಡೆಯ ಆಸನದಲ್ಲಿ. ಆ ಆಸನವನ್ನು ತಲಪುವ ದಾರಿ ದೀರ್ಘವಾದುದು. ಬಹುಮಟ್ಟಿಗೆ ಮನೆಯಿಂದ ದೂರದಲ್ಲಿ ಸಾಗುವಂಥದು.

ನಮ್ಮ ದೇಶದಲ್ಲಿ ಈ ವೃತ್ತಿಗೆ ಪರವಾನಗಿ ಕೊಡುವುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ. ಅಭ್ಯರ್ಥಿಗೆ 18 ವರ್ಷ ತುಂಬಿರಬೇಕು. ಕಠಿನವಾದ ವೈದ್ಯಕೀಯ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಕನ್ನಡಕ ಧರಿಸುವವರು ವಿಮಾನ ನಡೆಸುವಂತಿಲ್ಲವೆಂಬ ನಂಬಿಕೆ ಅನೇಕರಲ್ಲಿ ಬೇರೂರಿದೆ. ಅದು ನಿಜವಲ್ಲ, ಕನ್ನಡಕದಿಂದ ದೃಷ್ಟಿ ನಿಗದಿತ ಮಟ್ಟಕ್ಕೆ ಸರಿಹೋದರೆ ಸಾಕು. ಇದರೊಡನೆ ಮಾರ್ಗಶೋಧನೆ, ಹವಾಮಾನಶಾಸ್ತ್ರ, ವಾಯುಯಾನದ ನಿಯಮಗಳು, ಯಂತ್ರರಚನೆ ಮೊದಲಾದ ವಿಷಯಗಳಲ್ಲಿ ಲಿಖಿತ ಪರೀಕ್ಷೆಗಳುಂಟು. ರೇಡಿಯೋ ಸಂಭಾಷಣೆಗೆ ಬೇರೆಯೇ ಪರೀಕ್ಷೆಯುಂಟು. ಎಲ್ಲಕ್ಕಿಂತ ಮುಖ್ಯವಾಗಿ, 200 ಗಂಟೆಗಳ ಕಾಲ ವಿಮಾನ ಹಾರಿಸಿದ ಅನುಭವವಿರಬೇಕು.

ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರಿ ವಿಮಾನ ಚಾಲನಾ ತರಬೇತಿ ಶಾಲೆಯಿದೆ. ಆದರೂ ನಮ್ಮ ಯುವಕ ಯುವತಿಯರಲ್ಲಿ ಅನೇಕರು ದೂರದ ಊರುಗಳಿಗೆ ಹೋಗುತ್ತಾರೆ. ಕೆಲವರು ದಕ್ಷಿಣ ಆಫ್ರಿಕ, ಅಮೆರಿಕಗಳವರೆಗೂ ಹೋಗುವುದುಂಟು. ಉತ್ತರ ಪ್ರದೇಶದ ಫುರ್ಸತ್‌ಗಂಜಿನಲ್ಲಿ 1985ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಅಕಾಡೆಮಿಗೆ ದೇಶದ ಎಲ್ಲ ಮೂಲೆಗಳಿಂದಲೂ ಅಭ್ಯರ್ಥಿಗಳು ಬರುತ್ತಾರೆ. ಅಲ್ಲಿ ಭಾಷೆ ಬೇರೆ, ಊಟ ಬೇರೆ, ಹವೆ ಬೇರೆ. ಗಂಗೆಯ ಬಯಲಿನಲ್ಲಿ ಚಳಿಗಾಲದ ಮಂಜು ಕವಿಯಿತೆಂದರೆ ಸಣ್ಣ ವಿಮಾನಗಳು ಮೇಲೇಳುವಂತಿಲ್ಲ. ಊರಿಗೆ ಬೇಗ ಮರಳುವ ಆಸೆಯಿಂದ ಗಂಟೆಗಳನ್ನೆಣಿಸುವ ವಿದ್ಯಾರ್ಥಿ ಮಂಜು ಕರಗುವುದನ್ನು ಕಾಯುತ್ತ ಕುಳಿತಿರಬೇಕು. ಈ ಕಾಯುವಿಕೆಯೂ ಶಿಕ್ಷಣದ ಒಂದು ಭಾಗವೆಂದೇ ನನಗೆ ತೋರುತ್ತದೆ. ಹವೆ ಸರಿಯಿಲ್ಲದಾಗ ಹಾರದಿರುವುದನ್ನು ಕಲಿಯದವನು ಹಾರುವುದನ್ನೂ ಪೂರ್ಣವಾಗಿ ಕಲಿತವನಲ್ಲ.

ಕೆಲವು ವಾರಗಳ ಅಭ್ಯಾಸವಾದ ಮೇಲೆ ಒಂದು ದಿನ ಶಿಕ್ಷಕರು ಸಣ್ಣ ವಿಮಾನದಿಂದ ಕೆಳಗಿಳಿದು ಬಾಗಿಲು ಮುಚ್ಚುತ್ತಾರೆ. ವಿದ್ಯಾರ್ಥಿ ಒಬ್ಬನೇ ಮೇಲೇರಬೇಕು. ಶಿಕ್ಷಕರ ಭಾರವಿಲ್ಲದ ವಿಮಾನ ಎಂದಿಗಿಂತ ಚುರುಕಾಗಿ ನೆಲ ಬಿಡುತ್ತದೆ. ಪಕ್ಕದ ಆಸನ ಬರಿದಾಗಿರುವುದು ಆಗಲೇ ಅವನ ಅರಿವಿಗೆ ಬರುತ್ತದೆ. ಒಂದು ಸುತ್ತು ಹಾಕಿ ಸುರಕ್ಷಿತವಾಗಿ ಇಳಿದವನ ತಲೆಯ ಮೇಲೆ ಗೆಳೆಯರು ಬಕೀಟುಗಟ್ಟಲೆ ನೀರು ಸುರಿಯುವ ರೂಢಿ ಅನೇಕ ಶಾಲೆಗಳಲ್ಲಿದೆ.

ಪರವಾನಗಿ ದೊರೆತ ಮಾತ್ರಕ್ಕೆ ಕೆಲಸ ದೊರೆಯಿತೆಂದಲ್ಲ. ತರಬೇತಿಗಾಗಿ ಲಕ್ಷಗಟ್ಟಲೆ ಸಾಲ ಮಾಡಿದ ಕುಟುಂಬಗಳು ಈ ಮಾತನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ವಿಮಾನ ಸಂಸ್ಥೆಗಳು ಮತ್ತೆ ಪರೀಕ್ಷೆ ನಡೆಸಿ, ಸಂದರ್ಶನಕ್ಕೆ ಕರೆಯುತ್ತವೆ. ಹಿಂದೆ ಈ ಸಂದರ್ಶನಗಳಲ್ಲಿ ಅನ್ಯಾಯವೂ ನಡೆಯುತ್ತಿತ್ತು. 1947ರಲ್ಲಿ ಪರವಾನಗಿ ಪಡೆದ ಪ್ರೇಮ್ ಮಾಥುರ್ ಅವರನ್ನು ಹಲವು ಸಂಸ್ಥೆಗಳು ಹೆಂಗಸೆಂಬ ಕಾರಣದಿಂದಲೇ ಹಿಂದಕ್ಕೆ ಕಳುಹಿಸಿದುವು. ಕೊನೆಗೆ ಹೈದರಾಬಾದಿನ ಡೆಕ್ಕನ್ ಏರ್‌ವೇಸ್ ಅವರಿಗೆ ಕೆಲಸ ಕೊಟ್ಟಿತು.

ಸಂದರ್ಶನದಲ್ಲಿ ಗಣಿತ, ಭೌತವಿಜ್ಞಾನಗಳ ಪ್ರಶ್ನೆಗಳು ಬರುವುದು ಸಹಜ. ಆದರೆ ಇನ್ನೊಂದು ಬಗೆಯ ಪ್ರಶ್ನೆಯನ್ನೂ ಕೇಳುತ್ತಾರೆ. “ನೀವು ಸಹಚಾಲಕರು. ಕ್ಯಾಪ್ಟನ್ನರು ನಿಯಮ ಮೀರಿ ಕೆಳಗಿಳಿಯುತ್ತಿದ್ದಾರೆ. ಏನು ಮಾಡುವಿರಿ?” ಗುರುಹಿರಿಯರಿಗೆ ಎದುರಾಡಬಾರದೆಂದು ಕೇಳುತ್ತ ಬೆಳೆದ ನಮ್ಮ ಮಕ್ಕಳಿಗೆ ಇದು ಗಣಿತಕ್ಕಿಂತ ಕಷ್ಟದ ಪ್ರಶ್ನೆ. ಇದನ್ನು ಕೇಳುವುದಕ್ಕೆ ಬಲವಾದ ಕಾರಣವಿದೆ.

1977ರ ಮಾರ್ಚ್ 27ರಂದು ಸ್ಪೇನ್ ದೇಶಕ್ಕೆ ಸೇರಿದ ಟೆನೆರೀಫ್ ದ್ವೀಪದ ವಿಮಾನ ನಿಲ್ದಾಣದಲ್ಲಿ ದಟ್ಟವಾದ ಮಂಜು ಕವಿದಿತ್ತು. ಅಮೆರಿಕದ ಒಂದು ಬೃಹತ್ ವಿಮಾನ ರನ್‌ವೇಯ ಮೇಲೆಯೇ ನಿಧಾನವಾಗಿ ಸಾಗುತ್ತಿತ್ತು. ಅದೇ ರನ್‌ವೇಯ ತುದಿಯಿಂದ ಹಾಲೆಂಡಿನ ಇನ್ನೊಂದು ವಿಮಾನ ಅನುಮತಿಯಿಲ್ಲದೆ ಹೊರಟಿತು. ಅದರ ಕ್ಯಾಪ್ಟನ್ನರು ಇತರರಿಗೆ ತರಬೇತಿ ಕೊಡುತ್ತಿದ್ದ ಹಿರಿಯರು. ಹಿಂದೆ ಕುಳಿತಿದ್ದ ಎಂಜಿನಿಯರ್, ಆ ವಿಮಾನ ಇನ್ನೂ ದಾರಿ ಬಿಟ್ಟಿಲ್ಲವೇ ಎಂದು ಕೇಳಿದರು. ಬಿಟ್ಟಿದೆಯೆಂದು ಕ್ಯಾಪ್ಟನ್ನರು ಒತ್ತಿ ಹೇಳಿದರು. ಅವರು ಮತ್ತೆ ಕೇಳಲಿಲ್ಲ. ಕೆಲವೇ ಕ್ಷಣಗಳಲ್ಲಿ 583 ಜನರ ಪ್ರಾಣ ಹೋಯಿತು.

ನಮ್ಮ ಮಂಗಳೂರಿನ ದುರಂತವನ್ನು ಹಿರಿಯರಿಂದ ನೀವು ಕೇಳಿರಬಹುದು. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ವಿಮಾನ ಇಳಿಯುವಾಗ ಇರಬೇಕಾದುದಕ್ಕಿಂತ ಬಹಳ ಎತ್ತರದಲ್ಲಿತ್ತು. ಇಳಿಯದೆ ಮತ್ತೆ ಮೇಲೇರೋಣವೆಂದು ಸಹಚಾಲಕರು ಮೂರು ಬಾರಿ ಸೂಚಿಸಿದರೆಂಬುದು ತನಿಖೆಯಿಂದ ತಿಳಿದುಬಂದಿತು. ಕ್ಯಾಪ್ಟನ್ನರು ಇಳಿಯುವುದನ್ನೇ ಮುಂದುವರಿಸಿದರು. ಸುಮಾರು 8,000 ಅಡಿ ಉದ್ದದ ರನ್‌ವೇಯಲ್ಲಿ 5,200 ಅಡಿಗಳಷ್ಟನ್ನು ದಾಟಿದ ಮೇಲೆ ವಿಮಾನ ನೆಲ ಮುಟ್ಟಿತು. ನಿಲ್ಲಲಾರದೆ ಗುಡ್ಡದ ಅಂಚನ್ನು ದಾಟಿ ಕಣಿವೆಗೆ ಬಿದ್ದಿತು. 166 ಜನರಲ್ಲಿ ಉಳಿದವರು ಎಂಟು ಮಂದಿ ಮಾತ್ರ. ಟೆನೆರೀಫಿನಲ್ಲಿ ಕಿರಿಯರು ಎರಡನೆಯ ಬಾರಿ ಕೇಳಲಿಲ್ಲ. ಮಂಗಳೂರಿನಲ್ಲಿ ಕೇಳಿದರು, ಹಿರಿಯರು ಕಿವಿಗೊಡಲಿಲ್ಲ.

ಈ ಕಾರಣದಿಂದ ವಿಮಾನ ಸಂಸ್ಥೆಗಳ ತರಬೇತಿಯಲ್ಲಿ ಮಾತನಾಡುವುದನ್ನೂ ಆಲಿಸುವುದನ್ನೂ ಕೈಕೆಲಸದಂತೆಯೇ ಕಲಿಸುತ್ತಾರೆ. ವೇಗ ತಪ್ಪಿದರೆ ಅಥವಾ ಎತ್ತರ ತಪ್ಪಿದರೆ ಸಹಚಾಲಕನು ನಿಗದಿಯಾದ ಮಾತಿನಲ್ಲಿ ಕೂಡಲೇ ಹೇಳಬೇಕು. ಎರಡು ಸಲ ಹೇಳಿಯೂ ಉತ್ತರ ಬಾರದಿದ್ದರೆ, ಚಾಲನೆ ತನ್ನದೆಂದು ಸ್ಪಷ್ಟವಾಗಿ ನುಡಿದು ತಾನೇ ವಹಿಸಿಕೊಳ್ಳಬೇಕು. ಇದು ಎದುರುತ್ತರವಲ್ಲ, ಕರ್ತವ್ಯ. ಇಲ್ಲಿ ಸುಮ್ಮನಿರುವುದು ವಿನಯವೂ ಅಲ್ಲ. ರೇಡಿಯೋದಲ್ಲಿ ಬಂದ ಆದೇಶವನ್ನು ಮರಳಿ ಉಚ್ಚರಿಸಿ ತೋರಿಸಬೇಕೆಂಬ ಕಟ್ಟುನಿಟ್ಟೂ ಇದೇ ಜಾಗರೂಕತೆಯ ಇನ್ನೊಂದು ಮುಖ.

ಇವೆಲ್ಲವನ್ನೂ ಅಭ್ಯಾಸ ಮಾಡಿಸುವ ಯಂತ್ರಕ್ಕೆ ಸಿಮ್ಯುಲೇಟರ್ ಎಂದು ಹೆಸರು. ಇದರ ಮೂಲರೂಪವನ್ನು 1929ರ ಸುಮಾರಿಗೆ ನಿರ್ಮಿಸಿದ ಅಮೆರಿಕದ ಎಡ್ವಿನ್ ಲಿಂಕ್, ಆರ್ಗನ್ ಎಂಬ ವಾದ್ಯವನ್ನು ತಯಾರಿಸುವವರ ಮಗ. ಹಾರ್ಮೋನಿಯಮ್ಮಿನಲ್ಲಿರುವಂಥ ತಿದಿಗಳಿಂದಲೇ ಆತ ತನ್ನ ಪುಟ್ಟ ವಿಮಾನವನ್ನು ಓಲಾಡಿಸಿದ! ಇಂದಿನ ಸಿಮ್ಯುಲೇಟರು ಆರು ಕಾಲುಗಳ ಮೇಲೆ ನಿಂತ ಕೋಣೆ. ಒಳಗೆ ನಿಜವಾದ ಚಾಲನಾ ಕೊಠಡಿಯೇ ಇರುತ್ತದೆ. ಕಿಟಕಿಯಲ್ಲಿ ರನ್‌ವೇ, ಮಳೆ, ರಾತ್ರಿ ಎಲ್ಲವೂ ಕಾಣುತ್ತವೆ. ನೆಲ ಬಿಡುವ ಹೊತ್ತಿಗೆ ಎಂಜಿನ್ ಕೆಟ್ಟರೆ ಏನು ಮಾಡಬೇಕೆಂಬುದು ಅಲ್ಲಿಯ ಮುಖ್ಯ ಪಾಠ. ಪ್ರತಿ ಹಾರಾಟಕ್ಕೂ ಮುನ್ನ ಒಂದು ವೇಗವನ್ನು ಲೆಕ್ಕ ಹಾಕಿಡುತ್ತಾರೆ. ಅದಕ್ಕಿಂತ ಮೊದಲು ಕೆಟ್ಟರೆ ನಿಲ್ಲಬೇಕು. ಅದನ್ನು ದಾಟಿದ ಮೇಲೆ ಕೆಟ್ಟರೆ ಉಳಿದ ಎಂಜಿನ್ನಿನ ಬಲದಿಂದಲೇ ಮೇಲೇರಬೇಕು. ಯೋಚಿಸುತ್ತ ಕುಳಿತುಕೊಳ್ಳಲು ಅಲ್ಲಿ ಕಾಲವಿಲ್ಲ. ನೆಲದ ಮೇಲೆ ಹಲವು ಬಾರಿ ಸೋತವನು ಆಕಾಶದಲ್ಲಿ ತಬ್ಬಿಬ್ಬಾಗುವುದಿಲ್ಲ.

ಎಡಗಡೆಯ ಆಸನಕ್ಕೆ ಬಡ್ತಿ ಪಡೆಯುವ ಮೊದಲು 1,500 ಗಂಟೆಗಳ ಹಾರಾಟ ಮುಗಿಸಿ ಮೇಲಿನ ದರ್ಜೆಯ ಪರವಾನಗಿ ಪಡೆಯಬೇಕು. ಅನಂತರವೂ ಪರೀಕ್ಷೆಗಳು ನಿಲ್ಲುವುದಿಲ್ಲ. ಇಪ್ಪತ್ತು ವರ್ಷ ವಿಮಾನ ನಡೆಸಿದ ಕ್ಯಾಪ್ಟನ್ನರೂ ಆರು ತಿಂಗಳಿಗೊಮ್ಮೆ ಆ ಆರು ಕಾಲಿನ ಕೋಣೆಯನ್ನು ಹೊಕ್ಕು ಪರೀಕ್ಷೆಗೆ ಕುಳಿತುಕೊಳ್ಳುತ್ತಾರೆ. ಅವರು ಬಲಗಡೆಯವರ ಮಾತಿಗೆ ಹೇಗೆ ಉತ್ತರಿಸುತ್ತಾರೆಂಬುದನ್ನೂ ಹಿಂದೆ ಕುಳಿತ ಪರೀಕ್ಷಕರು ಬರೆದುಕೊಳ್ಳುತ್ತಿರುತ್ತಾರೆ.