ಊರು ಬಿಟ್ಟವರ ಜತೆ ಬಂದ ಹೊಲಿಗೆ

ಮುಂಬೈ ಬಳಿಯ ಠಾಕುರ್ಲಿಯಲ್ಲಿ ಕರ್ಜತ್ ಕಡೆಯ ಲೋಕಲ್ ಹತ್ತಿದರೆ ಮೊದಲು ಕಲ್ಯಾಣ, ಆಮೇಲೆ ವಿಠ್ಠಲವಾಡಿ, ಅದರ ಮುಂದೆ ಉಲ್ಹಾಸನಗರ. ಇಷ್ಟು ಸಣ್ಣ ದಾರಿಯಲ್ಲಿ ಸೂಜಿ-ದಾರದ ಮೂರು ಮನೆತನಗಳು ನೆರೆಹೊರೆಯಾಗಿವೆ: ಮರಾಠಿಗರ ಗೋಧಡಿ, ಉತ್ತರ ಕರ್ನಾಟಕದಿಂದ ಬಂದವರ ಕೌದಿ ಮತ್ತು ಕಸೂತಿ, ಸಿಂಧಿಗಳ ರಲ್ಲಿ ಮತ್ತು ಹುರ್ಮಿಚೋ. ಕೌದಿ, ಗೋಧಡಿ, ರಲ್ಲಿ ಮೂರೂ ಹಳೆ ಬಟ್ಟೆಯನ್ನು ಪದರ ಪದರವಾಗಿ ಹಾಸಿ ಹೊಲಿದ ಹೊದಿಕೆಗಳೇ. ಹುರ್ಮಿಚೋ ಹಾಗಲ್ಲ. ಅದು ನಮಗೆ ‘ಸಿಂಧಿ ಸ್ಟಿಚ್’, ‘ಕಚ್ ವರ್ಕ್’ ಎಂಬ ಹೆಸರುಗಳಲ್ಲಿ ಪರಿಚಯವಾದ ಕಲೆ. ರವಿಕೆಯ ತೋಳಂಚಿನಲ್ಲಿ, ದಿಂಬಿನ ಚೀಲದ ಮೇಲೆ ಶಿಲುಬೆಯಂತೆ, ನಾಲ್ಕೆಸಳ ಹೂವಿನಂತೆ ಜಾಲ ಕಟ್ಟಿಕೊಂಡು ಕೂರುತ್ತದೆ.

ಹುರ್ಮಿಚೋದ ರಚನೆಯೇ ಬೇರೆ. ಕಸೂತಿಯಲ್ಲಿ ಬಟ್ಟೆಯ ಎಳೆ ಎಣಿಸಿ, ಗಂಟು ಹಾಕದೆ, ಪ್ರತಿ ಹೊಲಿಗೆಯನ್ನೂ ಬಟ್ಟೆಯೊಳಗಿಂದಲೇ ದಾಟಿಸಬೇಕು. ಅದರ ಗವಂತಿ ಎಂಬ ಹೊಲಿಗೆಯಲ್ಲಿ ಹಿಂದೆ ಮುಂದೆ ಎರಡೂ ಒಂದೇ ರೂಪ. ಹುರ್ಮಿಚೋದಲ್ಲಿ ಮೊದಲು ಒಂದರ ಮೇಲೊಂದು ಹಾಯುವ ಹೆರಿಂಗ್‌ಬೋನ್ ಹೊಲಿಗೆಯಿಂದ ಹಂದರ ಹಾಕುತ್ತಾರೆ. ಎರಡನೇ ಸುತ್ತಿನಲ್ಲಿ ದಾರ ಬಟ್ಟೆಗೆ ಇಳಿಯುವುದೇ ಇಲ್ಲ. ಹಂದರದ ಎಳೆಗಳ ಮೇಲೊಮ್ಮೆ ಕೆಳಗೊಮ್ಮೆ ಹಾದು ಹೆಣೆದುಕೊಳ್ಳುತ್ತದೆ. ಮೊನೆ ಚುಚ್ಚಿ ಎಳೆ ಸೀಳಬಾರದೆಂದು ಬಲ್ಲವರು ಸೂಜಿಯ ಕಣ್ಣಿನ ಭಾಗವನ್ನೇ ಮುಂದೆ ಮಾಡಿ ತೂರಿಸುತ್ತಾರೆ. ಹಂದರ ಹಾಕುವಾಗ ಒಂದೇ ಒಂದು ಎಳೆ ಮೇಲೆ ಕೆಳಗೆ ತಪ್ಪಿದರೂ ಹೆಣೆಯುವ ದಾರ ಅಲ್ಲಿಗೆ ಬಂದು ದಾರಿ ಕಾಣದೆ ನಿಲ್ಲುತ್ತದೆ.

ಇದೇ ಹೊಲಿಗೆ ಸಾವಿರಾರು ಕಿಲೋಮೀಟರ್ ಆಚೆ, ಇಂದಿನ ಟರ್ಕಿಯ ದಕ್ಷಿಣದ ಮರಾಶ್ ಪಟ್ಟಣದ ಅರ್ಮೇನಿಯನ್ ಮನೆಗಳಲ್ಲೂ ಇತ್ತು. ಅಲ್ಲಿಯ ಹೆಂಗಸರು ದಿಂಬು, ಪರದೆ, ಹಾಸುಗಳ ಮೇಲೆ ಅದನ್ನು ಹಾಕುತ್ತಿದ್ದರು. ಇಂದಿಗೂ ಜಗತ್ತಿನ ಕಸೂತಿ ಪುಸ್ತಕಗಳಲ್ಲಿ ಅದಕ್ಕೆ ‘ಮರಾಶ್ ಹೊಲಿಗೆ’ ಎಂಬ ಹೆಸರೂ ಇದೆ.

1915ರಲ್ಲಿ ಒಟ್ಟೋಮನ್ ಸರ್ಕಾರ ಅರ್ಮೇನಿಯನ್ನರನ್ನು ಊರುಗಳಿಂದ ಹೊರದಬ್ಬಿತು, ಲಕ್ಷಾಂತರ ಜನ ಸತ್ತರು. ಬದುಕುಳಿದು ಮರಾಶ್‌ಗೆ ಮರಳಿದವರೂ ನೆಲೆ ನಿಲ್ಲಲಿಲ್ಲ. 1920ರ ಫೆಬ್ರುವರಿಯಲ್ಲಿ ಆ ಊರಿನಲ್ಲಿದ್ದ ಫ್ರೆಂಚ್ ಸೇನೆ ಹಿಮ್ಮೆಟ್ಟಿದಾಗ ಅದರ ಹಿಂದೆಯೇ ಹಿಮದಲ್ಲಿ ಹೊರಟ ಸಾವಿರಾರು ಜನರಲ್ಲಿ ಅನೇಕರು ದಾರಿಯಲ್ಲೇ ಪ್ರಾಣ ಬಿಟ್ಟರು. ಅಲೆಪ್ಪೊ, ಬೈರೂತ್ ತಲುಪಿದ ಹೆಂಗಸರಿಗೆ ಅನ್ನ ಕೊಟ್ಟದ್ದು ಕೈಗೆ ಬರುತ್ತಿದ್ದ ಹೊಲಿಗೆ. ‘ನಿಯರ್ ಈಸ್ಟ್ ರಿಲೀಫ್’ ಸಂಸ್ಥೆಯ ಕೆಲಸದ ಮನೆಗಳಲ್ಲಿ ಅವರು ಹಾಕಿದ ಕಸೂತಿ ಅಮೆರಿಕದಲ್ಲಿ ಮಾರಾಟವಾಯಿತು. ಬೈರೂತ್ ಪಕ್ಕದ ಬುರ್ಜ್ ಹಮ್ಮೂದ್‌ನಲ್ಲಿ ಅವರು ಕಟ್ಟಿಕೊಂಡ ಬಡಾವಣೆಗೆ ನೋರ್ ಮರಾಶ್, ಹೊಸ ಮರಾಶ್ ಎಂದು ಹೆಸರಿಟ್ಟರು.

ನಮ್ಮ ಪಕ್ಕದ ಕತೆಯೂ ಹೀಗೇ ನಡೆದಿದೆ. 1947ರ ವಿಭಜನೆಯಲ್ಲಿ ಸಿಂಧ್ ಬಿಟ್ಟವರಲ್ಲಿ ಅನೇಕರು ಕರಾಚಿಯಿಂದ ಹಡಗು ಹತ್ತಿ ಮುಂಬೈಗೆ ಬಂದರು. ಎರಡನೇ ಮಹಾಯುದ್ಧದ ಕಾಲದ ಕಲ್ಯಾಣ ಸೇನಾ ಕ್ಯಾಂಪಿನ ಬ್ಯಾರಕ್‌ಗಳಲ್ಲಿ ಅವರಿಗೆ ಜಾಗ ಸಿಕ್ಕಿತು. ಒಂದೇ ಸೂರಿನಡಿ ಹಲವು ಸಂಸಾರಗಳು, ನಡುವೆ ಗೋಡೆಯ ಬದಲು ಗೋಣಿತಟ್ಟು, ಬಟ್ಟೆ. 1949ರ ಆಗಸ್ಟ್ 8ರಂದು ಸಿ. ರಾಜಗೋಪಾಲಾಚಾರಿ ಆ ಕ್ಯಾಂಪಿಗೆ ಉಲ್ಹಾಸನಗರ ಎಂದು ಹೆಸರಿಟ್ಟರು. ಅಲ್ಲಿಯ ವಿಳಾಸಗಳಲ್ಲಿ ಇಂದಿಗೂ ಕ್ಯಾಂಪ್ ಒಂದು, ಕ್ಯಾಂಪ್ ಎರಡು ಎಂದೇ ಬರೆಯುತ್ತಾರೆ.

ಹೊಲ, ಮನೆ, ಅಂಗಡಿ ಹೊತ್ತು ತರಲಾಗದು. ಸೂಜಿ ಎಲ್ಲಿಯೂ ಸಿಗುತ್ತದೆ, ಹಂದರದ ಲೆಕ್ಕ ನೆನಪಿನಲ್ಲಿರುತ್ತದೆ. ಹಾಗಾಗಿಯೇ ನಿರಾಶ್ರಿತರ ಸಂಸ್ಕೃತಿಯಲ್ಲಿ ಕೊನೆಗೂ ಉಳಿದುಕೊಂಡದ್ದರಲ್ಲಿ ಹೆಂಗಸರ ಕೈಕೆಲಸ ದೊಡ್ಡದು. ಅದನ್ನು ಬಿಡುವಿನ ಹವ್ಯಾಸವೆಂದು ಬದಿಗಿಡುವುದು ಅನ್ಯಾಯ. ಮದುವೆಯ ಬಟ್ಟೆ ಸುತ್ತಿಡಲು ಸಿಂಧಿ ಹೆಣ್ಣುಮಕ್ಕಳು ಕಸೂತಿ ಹಾಕಿದ ಬುಖ್ಚಿ ಒಂದು ಮನೆತನದ ಚರಿತ್ರೆಯೇ.

ಆದರೆ ನೆನಪು ಒಂದು ತಲೆಮಾರು ತಪ್ಪಿದರೆ ಮುಗಿಯಿತು. ಅರ್ಮೇನಿಯನ್ನರು ಇದನ್ನು ಬೇಗ ಅರಿತರು. ಅವರ ಲೇಸು ಮತ್ತು ಕಸೂತಿಯ ಬಗೆಗಳನ್ನು ವಿವರಿಸುವ ಆಲಿಸ್ ಓಡಿಯನ್ ಕಸ್ಪರಿಯನ್ ಅವರ ಪುಸ್ತಕ 1983ರಲ್ಲೇ ಅಮೆರಿಕದಲ್ಲಿ ಬಂತು. ಇಲ್ಲಿಗೆ ಬಂದ ಕನ್ನಡಿಗರಾದ ನಾವು ಯಾರೂ ಓಡಿಸಿದ್ದಕ್ಕೆ ಬಂದವರಲ್ಲ. 1956ರ ನವೆಂಬರ್ 1ರವರೆಗೆ ಧಾರವಾಡ, ವಿಜಾಪುರಗಳು ಮುಂಬೈ ರಾಜ್ಯದಲ್ಲೇ ಇದ್ದವು; ನೌಕರಿ ಹುಡುಕಿ ಈ ಕಡೆ ಬಂದ ನಮ್ಮವರ ಟ್ರಂಕಿನಲ್ಲಿ ಇಳಕಲ್ ಸೀರೆಯೂ ಕೌದಿಯೂ ಇದ್ದವು. ಓಡಿಬಂದವರು ಜೋಪಾನ ಮಾಡಿದ್ದನ್ನು ನೆಮ್ಮದಿಯಿಂದ ಬಂದವರು ಕಳೆದುಕೊಳ್ಳಬಾರದು.

ಇದಕ್ಕೆ ಸಂಘ, ಅನುದಾನ ಯಾವುದೂ ಬೇಕಿಲ್ಲ. ಮನೆಯಲ್ಲಿ ಕಸೂತಿ ಬಲ್ಲ ಅಜ್ಜಿಯೋ ಅತ್ತೆಯೋ ಇದ್ದರೆ, ಗಂಟಿಲ್ಲದೆ ದಾರ ಶುರು ಮಾಡುವುದು ಹೇಗೆಂದು ಕೇಳಿ ಫೋನಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಸೀರೆಯ ಮಡಿಕೆಯೊಳಗೆ ಒಂದು ಚೀಟಿ ಇಡಿ: ಹೊಲಿದವರ ಹೆಸರು, ಅವರ ಊರು, ಇಸವಿ. ಪಕ್ಕದ ಮನೆಯ ಸಿಂಧಿ ಅಜ್ಜಿಯನ್ನೂ ಮಾತಾಡಿಸಿ, ಅವರ ಹಂದರದ ಲೆಕ್ಕ ಕಲಿತುಕೊಳ್ಳಿ.