ಪಂದ್ಯಕ್ಕೊಂದು ಹಳೆಯ ಕಾರು

ಯಲಹಂಕದ ಸುತ್ತಣ ರೈತರು ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋದಾಗ ಎತ್ತಿನ ಬಣ್ಣಕ್ಕೆ ಮರುಳಾಗುವುದಿಲ್ಲ. ಬಾಯಿ ತೆರೆಸಿ ಹಲ್ಲು ನೋಡುತ್ತಾರೆ, ಗೊರಸು ಮುಟ್ಟುತ್ತಾರೆ, ಸುಳಿ ಹುಡುಕುತ್ತಾರೆ, ನಾಲ್ಕು ಹೆಜ್ಜೆ ನಡೆಸಿದ ಮೇಲಷ್ಟೆ ಬೆಲೆಯ ಮಾತು. ಕಾರಿನ ವಿಷಯದಲ್ಲಿಯೂ ಇದೇ ವಿವೇಕ ಸಲ್ಲುತ್ತದೆಂಬುದನ್ನು, ಹಳಗನ್ನಡದ ಪಾಠ ಹೇಳಿಕೊಂಡಿದ್ದ ನಾನು, ಈಚೆಗೆ ಯಶವಂತಪುರದ ಒಂದು ಗ್ಯಾರೇಜಿನಲ್ಲಿ ಕಲಿತೆ.

ನನ್ನ ಅಕ್ಕನ ಮಗನಿಗೆ ಇಪ್ಪತ್ತೆರಡು ವರ್ಷ. ತೀರಿಕೊಂಡ ಭಾವನವರ 1998ರ ಮಾರುತಿ 800 ಕಾರು ಮನೆಯಲ್ಲಿದೆ. ನಡುರಾತ್ರಿಯಲ್ಲಿ ಹೆಬ್ಬಾಳದಾಚೆ ಬಳ್ಳಾರಿ ರಸ್ತೆಯಲ್ಲಿ ಗೆಳೆಯರೊಡನೆ ಪಂಥ ಕಟ್ಟಿ ಅದನ್ನು ಓಡಿಸುವ ಚಟ ಅವನಿಗೆ ಹತ್ತಿತ್ತು. ಅವನು ಹಿಂದಿರುಗಿ ಗೇಟು ಹಾಕಿದ ಸದ್ದು ಕೇಳುವವರೆಗೆ ಅಕ್ಕನಿಗೆ ನಿದ್ರೆಯಿಲ್ಲ. ಬುದ್ಧಿ ಹೇಳಿ ಸೋತ ನಾನು ಕೊನೆಗೊಂದು ದಿನ, “ಓಟವೇ ಬೇಕಾದರೆ ಪಂದ್ಯದ ಕಣದಲ್ಲಿ ಓಡಿಸು ಕಣೋ. ಅದಕ್ಕೆ ತಕ್ಕ ಹಳೆಯ ಕಾರೊಂದನ್ನು ಸಿದ್ಧಮಾಡೋಣ” ಎಂದೆ.

“ಬೇರೆ ಕಾರೇಕೆ ಮಾವ, ಅಪ್ಪನ ಕಾರೇ ಇದೆಯಲ್ಲ” ಎಂದ.

ಅಗ್ಗದ ಕಾರು ಪಂದ್ಯಕ್ಕೆ ಸಲ್ಲದೆಂದು ವಾಚಕರು ಭಾವಿಸಬೇಕಾಗಿಲ್ಲ. ಮದರಾಸಿನ ಬಳಿಯ ಷೋಲಾವರದಲ್ಲಿ, ಎರಡನೆಯ ಮಹಾಯುದ್ಧದ ಕಾಲದ ವಿಮಾನದ ಓಡುದಾರಿಯ ಮೇಲೆ, ಸಂಸಾರವನ್ನು ಹೊತ್ತು ತಿರುಗುವ ಫಿಯಟ್, ಹೆರಾಲ್ಡ್ ಕಾರುಗಳೇ ಸ್ಪರ್ಧೆಗೆ ಇಳಿಯುತ್ತಿದ್ದವು. ಆಮೇಲೆ 1990ರಲ್ಲಿ ಶ್ರೀಪೆರುಂಬುದೂರಿನ ಬಳಿ ಪಂದ್ಯಕ್ಕೆಂದೇ ಕಟ್ಟಿದ ಹಾದಿ ಬಂದಿತು. ‘ಫಾರ್ಮುಲಾ ಮಾರುತಿ’ ಎಂಬ ಒಂಟಿ ಆಸನದ ಪಂದ್ಯದ ಕಾರಿಗೆ ಮಾರುತಿ 800ರ ಎಂಜಿನ್ನೇ ಜೀವಾಳ. 2005ರಲ್ಲಿ ಫಾರ್ಮುಲಾ ಒನ್ ಕಣಕ್ಕಿಳಿದ ಮೊದಲ ಭಾರತೀಯ ನಾರಾಯಣ್ ಕಾರ್ತಿಕೇಯನ್ ಆರಂಭಿಸಿದ್ದು ಆ ಪುಟ್ಟ ಯಂತ್ರದಿಂದಲೇ.

ಗ್ಯಾರೇಜಿನ ಮೆಕ್ಯಾನಿಕರು ಅರುವತ್ತು ದಾಟಿದವರು. “ಮೊದಲು ಪಂದ್ಯದ ನಿಯಮಗಳ ಪುಸ್ತಕ ಓದಿ ಮೇಷ್ಟ್ರೇ, ಆಮೇಲೆ ಕಾರು ಹುಡುಕಿ” ಎಂದರು. ಎಂಜಿನ್ನಿನ ಗಾತ್ರಕ್ಕೆ ತಕ್ಕಂತೆ ಸ್ಪರ್ಧೆಯ ವರ್ಗ ನಿರ್ಧಾರವಾಗುತ್ತದೆ. ವರ್ಗವನ್ನು ತಿಳಿಯದೆ ಕಾರು ಕೊಳ್ಳುವುದು ಛಂದಸ್ಸು ತಿಳಿಯದೆ ಷಟ್ಪದಿಗೆ ಕೈಹಾಕಿದಂತೆ.

ನಮ್ಮ ಮುಂದಿದ್ದ ಆಯ್ಕೆಗಳು ನಾಲ್ಕು. ಹಿಂದಿನ ಗಾಲಿಗಳಿಂದ ಓಡುವ ಪ್ರೀಮಿಯರ್ ಪದ್ಮಿನಿಗೆ ಗತ್ತುಂಟು. ಆದರೆ ಅದರ ತಯಾರಿಕೆ ನಿಂತು ಎರಡು ದಶಕಗಳೇ ಕಳೆದುವು, ಬಿಡಿಭಾಗಗಳನ್ನು ಅರಸುವುದೇ ಒಂದು ತಪಸ್ಸು. 1983ರಿಂದ 2014ರವರೆಗೆ ತಯಾರಾದ ಮಾರುತಿ 800 ಬಲು ಹಗುರ. ಅದರದು ಮೂರು ಸಿಲಿಂಡರುಗಳ 796 ಸಿ.ಸಿ. ಎಂಜಿನ್. 1993ರಲ್ಲಿ ಬಂದ ಜೆನ್ ಕಾರಿನದು 993 ಸಿ.ಸಿ. 1994ರಿಂದ 2007ರವರೆಗೆ ಬಂದ ಎಸ್ಟೀಮ್ 1298 ಸಿ.ಸಿ.ಯದು, ಬಹುಕಾಲ ನಮ್ಮ ಪಂದ್ಯಗಳಲ್ಲಿಯೂ ರ‍್ಯಾಲಿಗಳಲ್ಲಿಯೂ ಪಳಗಿದ್ದು. ಅದರ ಒಳಗುಟ್ಟನ್ನು ಬಲ್ಲ ಕೈಗಳು ಇಂದಿಗೂ ಊರಿನಲ್ಲಿವೆ. ಹಳೆಯ ಕಾರನ್ನು ಆರಿಸುವವನಿಗೆ ಕುದುರೆಬಲಕ್ಕಿಂತ ಇದು ದೊಡ್ಡ ಆಸ್ತಿ.

ಹುಡುಗ ಮಾತ್ರ ತಂದೆಯ ಕಾರನ್ನೇ ಹಿಡಿದು ಕುಳಿತ. ಅಕ್ಕನೂ ತಡೆಯಲಿಲ್ಲ. ಒಮ್ಮೆ ಪಂದ್ಯಕ್ಕೆಂದು ಸೀಟುಗಳನ್ನು ಕಿತ್ತು, ಒಳಗೆ ಪಂಜರ ಬೆಸೆದ ಕಾರನ್ನು ರಸ್ತೆಯಲ್ಲಿ ಓಡಿಸುವಂತಿಲ್ಲ. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮು ಅಂಥ ಮಾರ್ಪಾಡನ್ನು ಒಪ್ಪುವುದಿಲ್ಲ. ಪಂದ್ಯದ ಕಣಕ್ಕೆ ಅದನ್ನು ಲಾರಿಯ ಮೇಲೆಯೇ ಒಯ್ಯಬೇಕು. ಇದನ್ನು ತಿಳಿಸಿದಾಗ ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವನು ಕ್ಷೇಮವಾಗಿದ್ದರೆ ಸಾಕಪ್ಪ” ಎಂದಳು.

ಮೆಕ್ಯಾನಿಕರು ಕಾರನ್ನು ಜಾಕಿಯಿಂದ ಎತ್ತಿ, ನೆಲಹಾಸನ್ನು ಸರಿಸಿ, ಬಾಗಿಲ ಕೆಳಗಿನ ಪಟ್ಟಿಯನ್ನು ಸ್ಕ್ರೂಡ್ರೈವರಿನಿಂದ ಮೆಲ್ಲಗೆ ಒತ್ತಿದರು. ಅದು ಹಪ್ಪಳದಂತೆ ಮುರಿದು, ಸ್ಕ್ರೂಡ್ರೈವರ್ ಹಿಡಿಯವರೆಗೂ ಒಳಗಿಳಿಯಿತು. ತುಕ್ಕಿನ ಪುಡಿ ಅವರ ಅಂಗೈಯ ಮೇಲೆ ಉದುರಿತು. ಮೇಲಣ ಬಣ್ಣ ಮಾತ್ರ ಭಾವನವರು ಬಿಟ್ಟಂತೆಯೇ ಹೊಳೆಯುತ್ತಿತ್ತು.

“ಕಾರು ಉರುಳಿದರೆ ತಲೆ ಕಾಯುವುದು ರೋಲ್ ಕೇಜ್, ಆ ಉಕ್ಕಿನ ಪಂಜರ. ಅದರ ಕಾಲುಗಳನ್ನು ಗಟ್ಟಿ ತಗಡಿಗೆ ಬೆಸೆಯಬೇಕು. ಇದರಲ್ಲಿ ಬೆಸೆಯುವುದೆಲ್ಲಿಗೆ?” ಎಂದರು. ಆಮೇಲೆ ಹುಡುಗನತ್ತ ತಿರುಗಿ, “ಇದನ್ನು ಎಷ್ಟು ವೇಗದಲ್ಲಿ ಓಡಿಸುತ್ತಿದ್ದೆಯಪ್ಪ?” ಎಂದು ಕೇಳಿದರು.

“ನೂರು... ಒಮ್ಮೊಮ್ಮೆ ನೂರಹತ್ತು.”

ಯಾರೂ ಮಾತನಾಡಲಿಲ್ಲ. ಹುಡುಗ ಬಗ್ಗಿ, ಆ ತೂತಿನೊಳಗೆ ತಾನೂ ಬೆರಳಿಟ್ಟು ನೋಡಿದ. ನನ್ನ ನೂರು ಉಪದೇಶಗಳು ಮಾಡದ ಕೆಲಸವನ್ನು ಆ ಒಂದು ತೂತು ಮಾಡಿತು.

ಕೊನೆಗೆ ಆರ್.ಟಿ. ನಗರದ ವೃದ್ಧರೊಬ್ಬರು ಕಾಪಾಡಿಕೊಂಡು ಬಂದಿದ್ದ ಎಸ್ಟೀಮ್ ದೊರೆಯಿತು. ಬಣ್ಣ ಮಾಸಿದೆ, ತಳ ಗಟ್ಟಿಯಾಗಿದೆ. ಹುಡುಗನೇ ಖರ್ಚಿನ ಪಟ್ಟಿ ಬರೆದ: ಮೊದಲು ಪಂಜರ, ಸೊಂಟ ಭುಜಗಳನ್ನು ಬಿಗಿಯುವ ಪಟ್ಟಿ, ಶಿರಸ್ತ್ರಾಣ, ಬೆಂಕಿಯಾರಿಸುವ ಉಪಕರಣ, ಬಳಿಕ ಬ್ರೇಕು, ಟಯರು. ವೇಗ ಇಮ್ಮಡಿಯಾದರೆ ಬ್ರೇಕು ಒತ್ತಿದ ಮೇಲೆ ನಿಲ್ಲಲು ಬೇಕಾಗುವ ದೂರ ಸುಮಾರು ನಾಲ್ಮಡಿಯಾಗುತ್ತದೆಂಬ ಲೆಕ್ಕವನ್ನು ಅವನೇ ನನಗೆ ಬಿಡಿಸಿ ಹೇಳಿದ. ಎಂಜಿನ್ನಿನ ಹೆಸರು ಪಟ್ಟಿಯ ಕಟ್ಟಕಡೆಯಲ್ಲಿತ್ತು. ಕಾರು ಅಗ್ಗವಾದುದರಿಂದಲೇ ಅದಕ್ಕೆ ಮುಂಚಿನವೆಲ್ಲಕ್ಕೂ ಹಣ ಒದಗಿತು. ಅಗ್ಗದ ಕಾರನ್ನು ಆರಿಸುವುದರ ಅರ್ಥವೂ ಅಷ್ಟೆ.

ಭಾವನವರ ಕಾರಿನ ತಳಕ್ಕೆ ಈಗ ಹೊಸ ತಗಡು ಬೀಳುತ್ತಿದೆ. ಸಿದ್ಧವಾದ ಮೇಲೆ ಅಮ್ಮನನ್ನು ಘಾಟಿಗೆ ಕರೆದೊಯ್ಯುವೆನೆಂದು ಹುಡುಗ ಹೇಳಿದ್ದಾನೆ, ಹಗಲಿನಲ್ಲಿ, ನಿಧಾನವಾಗಿ.