ವಲಸೆ ಅರ್ಜಿ ಮತ್ತು ಹಳೆಯ ಶಿಕ್ಷೆ: ಕೆನಡಾದ ಕಾನೂನು ಕೇಳುವುದೇನು

ಹೊರಗಿನಿಂದ ಬಂದು ತನ್ನ ನೆಲದಲ್ಲಿ ನೆಲೆಸಲು ಬಯಸುವವರ ಹಿಂದಿನ ಬದುಕನ್ನು ವಿಚಾರಿಸುವ ಅಧಿಕಾರವನ್ನು ಪ್ರತಿಯೊಂದು ದೇಶವೂ ತನ್ನ ವಲಸೆ ಕಾನೂನಿನ ಮೂಲಕ ಕಾಯ್ದಿರಿಸಿಕೊಂಡಿದೆ. ಈ ವಿಚಾರಣೆಯಲ್ಲಿ ಕೊಲೆ, ದರೋಡೆಯಂಥ ಘೋರ ಅಪರಾಧಗಳ ಬಗ್ಗೆ ಯಾರಿಗೂ ಗೊಂದಲವಿರುವುದಿಲ್ಲ. ಗೊಂದಲವಿರುವುದು ಹತ್ತಾರು ವರ್ಷಗಳ ಹಿಂದೆ ನ್ಯಾಯಾಲಯದಲ್ಲಿ ದಂಡ ಕಟ್ಟಿ ಮುಗಿಸಿದ, ಮನೆಯವರಿಗೂ ಮರೆತುಹೋಗಿರುವ ಸಣ್ಣ ಪ್ರಕರಣಗಳ ಬಗ್ಗೆ. ಅಂಥ ಪ್ರಕರಣವನ್ನು ಅರ್ಜಿಯಲ್ಲಿ ತಿಳಿಸಬೇಕೇ, ತಿಳಿಸಿದರೆ ಏನಾಗುತ್ತದೆ, ತಿಳಿಸದಿದ್ದರೆ ಏನಾಗುತ್ತದೆ ಎಂಬ ಮೂರು ಪ್ರಶ್ನೆಗಳನ್ನು ಕರ್ನಾಟಕದಿಂದಲೂ ಬಹಳ ಜನ ಅರ್ಜಿ ಹಾಕುವ ಕೆನಡಾ ದೇಶದ ಕಾನೂನನ್ನು ಆಧರಿಸಿ ಈ ಅಧ್ಯಾಯದಲ್ಲಿ ಪರಿಶೀಲಿಸಲಾಗಿದೆ.

ಕೆನಡಾದಲ್ಲಿ ಈ ವಿಷಯವನ್ನು ನಿಯಂತ್ರಿಸುವುದು 2001ರಲ್ಲಿ ಅಂಗೀಕಾರಗೊಂಡು 2002ರ ಜೂನ್ 28ರಂದು ಜಾರಿಗೆ ಬಂದ ವಲಸೆ ಮತ್ತು ನಿರಾಶ್ರಿತರ ರಕ್ಷಣಾ ಕಾಯ್ದೆ. ಅದರ 16ನೆಯ ಕಲಮು ಅರ್ಜಿದಾರರು ತಮಗೆ ಕೇಳಲಾದ ಎಲ್ಲ ಪ್ರಶ್ನೆಗಳಿಗೂ ಸತ್ಯವಾದ ಉತ್ತರ ಕೊಡಬೇಕೆಂದು ವಿಧಿಸುತ್ತದೆ; 36ನೆಯ ಕಲಮು ಯಾವ ಅಪರಾಧ ಹಿನ್ನೆಲೆಯವರಿಗೆ ಪ್ರವೇಶವಿಲ್ಲ ಎಂಬುದನ್ನು ಹೇಳುತ್ತದೆ; 40ನೆಯ ಕಲಮು ಸುಳ್ಳು ಹೇಳಿದವರಿಗೆ ಅಥವಾ ಮುಖ್ಯ ಸಂಗತಿಯನ್ನು ಮರೆಮಾಚಿದವರಿಗೆ ಏನಾಗಬೇಕೆಂಬುದನ್ನು ನಿಗದಿಪಡಿಸುತ್ತದೆ. ಹೀಗೆ ದೇಶದೊಳಗೆ ಬರಲು ಅಥವಾ ಉಳಿಯಲು ಕಾನೂನು ಅನುಮತಿಸದ ಸ್ಥಿತಿಯನ್ನು ಅನರ್ಹತೆ ಎನ್ನುತ್ತಾರೆ. 36 ಮತ್ತು 40ನೆಯ ಕಲಮುಗಳು ಎರಡು ಬೇರೆ ಬೇರೆ ಅನರ್ಹತೆಗಳು ಎಂಬುದನ್ನು ಓದುಗರು ಗಟ್ಟಿಯಾಗಿ ನೆನಪಿಡಬೇಕು, ಏಕೆಂದರೆ ಹಳೆಯ ಸಣ್ಣ ಪ್ರಕರಣವುಳ್ಳ ಎಷ್ಟೋ ಅರ್ಜಿದಾರರು ಮೊದಲನೆಯದರ ಭಯದಿಂದ ಓಡಿ ಎರಡನೆಯದರೊಳಗೆ ಬೀಳುತ್ತಾರೆ.

ದೋಷಸಿದ್ಧಿ ಎಂದರೆ ನ್ಯಾಯಾಲಯವು ಆರೋಪಿಯನ್ನು ತಪ್ಪಿತಸ್ಥನೆಂದು ತೀರ್ಮಾನಿಸುವುದು. ತೀರ್ಮಾನ ಸಾಕ್ಷಿಗಳ ವಿಚಾರಣೆಯ ಬಳಿಕ ಬಂದಿರಬಹುದು, ಅಥವಾ ಆರೋಪಿಯೇ ತಪ್ಪೊಪ್ಪಿಕೊಂಡ ಕೂಡಲೇ ಬಂದಿರಬಹುದು. ಎರಡರ ಕಾನೂನು ಫಲವೂ ಒಂದೇ. ನಮ್ಮಲ್ಲಿ ಈ ತಿಳಿವಳಿಕೆ ತೀರ ಕಡಿಮೆ. ಕುಡಿದು ವಾಹನ ಓಡಿಸಿ ಸಿಕ್ಕಿಬಿದ್ದವರು ನ್ಯಾಯಾಲಯಕ್ಕೆ ಹೋಗಿ, ತಪ್ಪೊಪ್ಪಿಕೊಂಡು, ದಂಡ ಕಟ್ಟಿ, ಗಾಡಿ ಬಿಡಿಸಿಕೊಂಡು ಬರುವುದು ಬೆಂಗಳೂರಿನಲ್ಲಿ ಎಷ್ಟು ಸಾಮಾನ್ಯವಾಗಿದೆಯೆಂದರೆ, ಹಾಗೆ ಬಂದವರಲ್ಲಿ ಹೆಚ್ಚಿನವರು ತಮ್ಮ ಮೇಲೆ ದೋಷಸಿದ್ಧಿಯಾಗಿದೆ ಎಂದು ಭಾವಿಸುವುದೇ ಇಲ್ಲ. ಸಿಗ್ನಲ್ ದಾಟಿದ್ದಕ್ಕೆ ಪೊಲೀಸರು ಸ್ಥಳದಲ್ಲೇ ವಸೂಲು ಮಾಡುವ ದಂಡವು ಮೋಟಾರು ವಾಹನ ಕಾಯ್ದೆಯ 200ನೆಯ ಕಲಮಿನಡಿ ಪ್ರಕರಣವನ್ನು ರಾಜಿಯಲ್ಲಿ ಮುಗಿಸುವ ಕ್ರಮವಾಗಿರುವುದರಿಂದ ಅದು ದೋಷಸಿದ್ಧಿಯಲ್ಲ. ಆದರೆ ಕುಡಿದು ಓಡಿಸುವುದಕ್ಕೆ ಸಂಬಂಧಿಸಿದ 185ನೆಯ ಕಲಮಿಗೆ ಆ ಸೌಲಭ್ಯವಿಲ್ಲ, ಅದು ನ್ಯಾಯಾಲಯಕ್ಕೇ ಹೋಗಬೇಕು. ಮೊದಲ ಸಲದ ತಪ್ಪಿಗೆ ಆರು ತಿಂಗಳವರೆಗಿನ ಸೆರೆವಾಸ ಅಥವಾ ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶವಿದ್ದು, 2019ರ ತಿದ್ದುಪಡಿಗೆ ಮುಂಚೆ 2,000 ರೂಪಾಯಿಯವರೆಗಿದ್ದ ದಂಡ ಈಗ 10,000 ರೂಪಾಯಿ ಆಗಿದೆ. ಹಬ್ಬದ ದಿನ ಇಸ್ಪೀಟು ಅಡ್ಡೆಯ ಮೇಲಿನ ದಾಳಿಯಲ್ಲಿ ಸಿಕ್ಕವರೂ, ಕಾಲೇಜು ದಿನಗಳ ಹೊಡೆದಾಟದಲ್ಲಿ ದಂಡ ಕಟ್ಟಿದವರೂ ಇದೇ ಸ್ಥಿತಿಯಲ್ಲಿರುತ್ತಾರೆ.

ಇದಕ್ಕೆ ವ್ಯತಿರಿಕ್ತವಾಗಿ, ಪೊಲೀಸರು ಬಿ ರಿಪೋರ್ಟ್ ಹಾಕಿ ಮುಚ್ಚಿದ ಪ್ರಕರಣ, ಹೈಕೋರ್ಟ್ ರದ್ದುಪಡಿಸಿದ ಎಫ್‌ಐಆರ್, ನ್ಯಾಯಾಲಯದ ಮುಂದೆ ರಾಜಿಯಾಗಿ ಖುಲಾಸೆಯಾದ ಪ್ರಕರಣ ಇವು ಯಾವುವೂ ದೋಷಸಿದ್ಧಿಗಳಲ್ಲ. ಆದರೂ ಇವನ್ನು ಅರ್ಜಿಯಿಂದ ಕೈಬಿಡುವಂತಿಲ್ಲ. ಪಿಆರ್ ಎಂದೇ ಜನರ ಬಾಯಲ್ಲಿರುವ ಶಾಶ್ವತ ನಿವಾಸದ ಅರ್ಜಿಯ ಜೊತೆ ತುಂಬಬೇಕಾದ ಹಿನ್ನೆಲೆಯ ನಮೂನೆಯು ಶಿಕ್ಷೆಯಾಗಿದೆಯೇ ಎಂದಷ್ಟೇ ಕೇಳುವುದಿಲ್ಲ. ಕೆನಡಾದ ಹೊರಗೆ ಎಲ್ಲಿಯಾದರೂ, ಎಂದಾದರೂ ಅಪರಾಧ ಎಸಗಿದ್ದುಂಟೇ, ಬಂಧನವಾಗಿತ್ತೇ, ಆರೋಪ ಹೊರಿಸಲಾಗಿತ್ತೇ ಎಂದೂ ಕೇಳುತ್ತದೆ. ಪ್ರಶ್ನೆಯಲ್ಲಿ ಕಾಲಮಿತಿಯಿಲ್ಲ, ಸಣ್ಣದು ದೊಡ್ಡದು ಎಂಬ ಭೇದವೂ ಇಲ್ಲ. ಪಾಸ್‌ಪೋರ್ಟ್ ಸೇವಾ ಕೇಂದ್ರದ ಮೂಲಕ ಪಡೆದ ಪೊಲೀಸ್ ಕ್ಲಿಯರೆನ್ಸ್ ಪ್ರಮಾಣಪತ್ರದಲ್ಲಿ ಯಾವ ಪ್ರಕರಣವೂ ಕಾಣಿಸಿಲ್ಲ ಎಂಬ ಕಾರಣಕ್ಕೆ ಇಲ್ಲ ಎಂದು ಬರೆದುಬಿಡುವ ಪರಿಪಾಠ ಹಲವರಲ್ಲಿದೆ. ಪ್ರಮಾಣಪತ್ರವು ಇಲಾಖೆಯ ಕಡತದಲ್ಲಿ ಏನು ಸಿಕ್ಕಿತು ಎಂಬುದನ್ನು ಹೇಳುತ್ತದೆ; ನಮೂನೆಯ ಪ್ರಶ್ನೆ ಕೇಳುವುದು ಅರ್ಜಿದಾರರ ಬದುಕಿನಲ್ಲಿ ಏನು ನಡೆಯಿತು ಎಂಬುದನ್ನು.

ಹೌದು ಎಂದು ಬರೆದ ಮೇಲೆ ನಡೆಯುವುದು ಸಮಾನತೆಯ ಪರಿಶೀಲನೆ. ಭಾರತದಲ್ಲಿ ಯಾವ ಶಿಕ್ಷೆ ಸಿಕ್ಕಿತು ಎಂಬುದು ಇಲ್ಲಿ ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ. ಅದೇ ಕೃತ್ಯವನ್ನು ಕೆನಡಾದಲ್ಲಿ ಎಸಗಿದ್ದರೆ ಅದು ಅಲ್ಲಿಯ ಯಾವ ಅಪರಾಧಕ್ಕೆ ಸರಿಹೊಂದುತ್ತಿತ್ತು, ಆ ಅಪರಾಧಕ್ಕೆ ಅಲ್ಲಿ ವಿಧಿಸಬಹುದಾದ ಗರಿಷ್ಠ ಶಿಕ್ಷೆ ಎಷ್ಟು ಎಂಬುದನ್ನು ಅಧಿಕಾರಿ ನೋಡುತ್ತಾರೆ. ಗರಿಷ್ಠ ಶಿಕ್ಷೆ ಹತ್ತು ವರ್ಷ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ಗಂಭೀರ ಅಪರಾಧದ ವರ್ಗಕ್ಕೆ ಸೇರುತ್ತದೆ. ಅದಕ್ಕಿಂತ ಕಡಿಮೆಯಿದ್ದು, ಪೂರ್ಣ ಪ್ರಮಾಣದ ದೋಷಾರೋಪಣೆಯ ಮೂಲಕ ವಿಚಾರಣೆ ನಡೆಸಬಹುದಾದುದಾಗಿದ್ದರೆ ಸಾಮಾನ್ಯ ಅಪರಾಧದ ವರ್ಗಕ್ಕೆ ಸೇರುತ್ತದೆ. ಸಂಕ್ಷಿಪ್ತ ವಿಚಾರಣೆಗೆ ಮಾತ್ರ ಒಳಪಡುವ ಒಂದೇ ಒಂದು ಅಪರಾಧ, ಉದಾಹರಣೆಗೆ ಸಾರ್ವಜನಿಕ ಸ್ಥಳದಲ್ಲಿ ಗಲಾಟೆ ಮಾಡಿದ್ದು, ಅನರ್ಹತೆಯನ್ನೇ ಉಂಟುಮಾಡುವುದಿಲ್ಲ. ಎರಡೂ ವಿಧಾನಗಳಲ್ಲಿ ನಡೆಸಬಹುದಾದ ಅಪರಾಧಗಳನ್ನು ವಲಸೆ ಕಾನೂನು ಮೇಲಿನ ವರ್ಗಕ್ಕೇ ಸೇರಿಸುತ್ತದೆ; ಹಾಗಾಗಿ ಅಂಗಡಿಯಲ್ಲಿ ಎತ್ತಿಕೊಂಡ ಅಗ್ಗದ ವಸ್ತುವಿಗಾಗಿ ಕೆಲವು ನೂರು ರೂಪಾಯಿ ದಂಡ ಕಟ್ಟಿದವರೂ, ಕೆನಡಾದಲ್ಲಿ 5,000 ಡಾಲರ್ ಮೀರದ ಕಳ್ಳತನಕ್ಕೆ ಎರಡು ವರ್ಷದವರೆಗೆ ಸೆರೆ ವಿಧಿಸಬಹುದಾದ್ದರಿಂದ, ಸಾಮಾನ್ಯ ಅಪರಾಧದ ವರ್ಗದಲ್ಲಿ ಬರುತ್ತಾರೆ. ಅಂಕಪಟ್ಟಿ ತಿದ್ದಿದ ಪ್ರಕರಣ ಇನ್ನೂ ಕಠಿಣ, ಏಕೆಂದರೆ ನಕಲಿ ದಾಖಲೆ ಸೃಷ್ಟಿಗೆ ಕೆನಡಾದಲ್ಲಿ ಗರಿಷ್ಠ ಶಿಕ್ಷೆ ಹತ್ತು ವರ್ಷ.

ಪರಿಶೀಲನೆಯಲ್ಲಿ ಅಪರಾಧದ ಹೆಸರಿಗಿಂತ ಅದರ ಅಂಶಗಳು, ಅಂದರೆ ಅಪರಾಧ ಸಾಬೀತಾಗಲು ಯಾವ ಯಾವ ಸಂಗತಿಗಳು ಇರಲೇಬೇಕು ಎಂಬುದು ಮುಖ್ಯ. ಬೀಟಲ್ಸ್ ತಂಡದ ಜಾನ್ ಲೆನನ್ ಅವರ ಪ್ರಕರಣ ಇದಕ್ಕೆ ಅಮೆರಿಕದ ಹೆಸರಾಂತ ನಿದರ್ಶನ. 1968ರಲ್ಲಿ ಲಂಡನ್ನಿನಲ್ಲಿ ಗಾಂಜಾ ಇಟ್ಟುಕೊಂಡ ತಪ್ಪೊಪ್ಪಿಕೊಂಡು 150 ಪೌಂಡ್ ದಂಡ ಕಟ್ಟಿದ್ದ ಅವರನ್ನು ಅಮೆರಿಕ ಗಡಿಪಾರು ಮಾಡಲು ಹೊರಟಾಗ, ಆಗಿನ ಬ್ರಿಟಿಷ್ ಕಾನೂನು ತನ್ನ ಬಳಿ ಇರುವುದು ಮಾದಕವಸ್ತು ಎಂಬ ಅರಿವಿಲ್ಲದವರನ್ನೂ ಶಿಕ್ಷಿಸುತ್ತಿತ್ತೆಂಬ ಕಾರಣ ನೀಡಿ 1975ರಲ್ಲಿ ಅಲ್ಲಿಯ ಮೇಲ್ಮನವಿ ನ್ಯಾಯಾಲಯ ಆ ಆದೇಶವನ್ನು ತಳ್ಳಿಹಾಕಿತು. ಮರುವರ್ಷ ಅವರಿಗೆ ಶಾಶ್ವತ ನಿವಾಸ ದೊರೆಯಿತು. ಬೆಂಗಳೂರಿನ ಕುಡಿದ ಚಾಲಕರ ವಿಷಯದಲ್ಲೂ ಇಂಥದೇ ಸೂಕ್ಷ್ಮವಿದೆ. ಭಾರತದಲ್ಲಿ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರ ಇದ್ದರೆ ಅಪರಾಧ; ಕೆನಡಾದ ಅಪರಾಧ ಸಂಹಿತೆಯಲ್ಲಿ ಆ ಮಿತಿ 80 ಮಿಲಿಗ್ರಾಂ. ಅಪಘಾತವಿಲ್ಲದೆ, ವಾಹನದ ಮೇಲಿನ ಹಿಡಿತ ತಪ್ಪಿತ್ತೆಂಬ ಸಾಕ್ಷ್ಯವಿಲ್ಲದೆ, 45 ಮಿಲಿಗ್ರಾಂ ಅಳತೆಯೊಂದರ ಮೇಲೆ ದಂಡ ಕಟ್ಟಿದವರು ತಮ್ಮ ಕೃತ್ಯಕ್ಕೆ ಕೆನಡಾದಲ್ಲಿ ಸಮಾನ ಅಪರಾಧವಿಲ್ಲ ಎಂದು ವಾದಿಸಲು ಸಾಧ್ಯವಿದೆ. ಆದರೆ ಆ ವಾದ ಮುಂದಿಡಲು ಉಸಿರಿನ ಪರೀಕ್ಷೆಯ ಚೀಟಿ ಕೈಯಲ್ಲಿರಬೇಕು, ಅದಕ್ಕೂ ಮೊದಲು ಪ್ರಕರಣವಿತ್ತೆಂದು ಅರ್ಜಿಯಲ್ಲಿ ಹೇಳಿರಬೇಕು. ಮುಚ್ಚಿಟ್ಟವರು ತಮ್ಮ ಪರವಾಗಿದ್ದ ವಾದವನ್ನೂ ತಾವೇ ಕಳೆದುಕೊಳ್ಳುತ್ತಾರೆ.

ಹಳೆಯ ಪ್ರಕರಣಗಳಿಗೆ ಅತ್ಯಂತ ಮುಖ್ಯವಾದ ಪರಿಹಾರ ಕಾಲವೇ. ಒಂದೇ ಒಂದು ಅಪರಾಧಕ್ಕೆ ಶಿಕ್ಷೆಯಾಗಿ, ಅದರ ಗರಿಷ್ಠ ಶಿಕ್ಷೆ ಕೆನಡಾದಲ್ಲಿ ಹತ್ತು ವರ್ಷಕ್ಕಿಂತ ಕಡಿಮೆಯಿದ್ದು, ವಿಧಿಸಿದ ಶಿಕ್ಷೆ ಪೂರ್ಣವಾಗಿ ಮುಗಿದು ಹತ್ತು ವರ್ಷ ಕಳೆದಿದ್ದರೆ, ಮತ್ತು ಆ ನಡುವೆ ಬೇರೆ ಅಪರಾಧವಿಲ್ಲದಿದ್ದರೆ, ಆ ವ್ಯಕ್ತಿ ಸುಧಾರಣೆ ಹೊಂದಿದ್ದಾರೆಂದು ಕಾನೂನು ತಾನಾಗಿಯೇ ಪರಿಗಣಿಸುತ್ತದೆ. ದಂಡ ಮಾತ್ರ ವಿಧಿಸಿದ್ದರೆ ಅದನ್ನು ಕಟ್ಟಿದ ದಿನದಿಂದ ಎಣಿಕೆ ಆರಂಭ. ಐದು ವರ್ಷ ಕಳೆದವರು ಪ್ರತ್ಯೇಕ ಅರ್ಜಿ ಹಾಕಿ, ಸ್ಥಿರವಾದ ಉದ್ಯೋಗ, ಕುಟುಂಬ, ನಡತೆಗಳ ಪುರಾವೆ ನೀಡಿ ಸುಧಾರಣೆಯ ಮಾನ್ಯತೆ ಕೇಳಬಹುದು. ಕುಡಿದು ವಾಹನ ಓಡಿಸುವುದರ ಗರಿಷ್ಠ ಶಿಕ್ಷೆಯನ್ನು ಕೆನಡಾ 2018ರ ಡಿಸೆಂಬರ್ 18ರಿಂದ ಐದು ವರ್ಷದಿಂದ ಹತ್ತು ವರ್ಷಕ್ಕೆ ಏರಿಸಿದ್ದರಿಂದ, ಅಂದಿನಿಂದೀಚೆಗೆ ನಡೆದ ಕೃತ್ಯ ಸಮಾನ ಅಪರಾಧವೆಂದು ತೀರ್ಮಾನವಾದರೆ ಕಾಲಕ್ರಮದ ಈ ಮಾನ್ಯತೆ ಸಿಗುವುದಿಲ್ಲ, ಎಷ್ಟೇ ವರ್ಷ ಕಳೆದರೂ ಪ್ರತ್ಯೇಕ ಅರ್ಜಿ ಹಾಕಲೇಬೇಕು. ಅದಕ್ಕೆ ಹಿಂದಿನ ಕೃತ್ಯಗಳಿಗೆ ಆ ಕಾಲದ ಗರಿಷ್ಠ ಶಿಕ್ಷೆಯೇ ಅಳತೆ. ಶಿಕ್ಷೆಯ ಪ್ರಮಾಣವನ್ನು ಅಪರಾಧ ನಡೆದ ಕಾಲದ ಕಾನೂನಿನಂತೆ ನೋಡಬೇಕೆಂದು ಕೆನಡಾದ ಸುಪ್ರೀಂ ಕೋರ್ಟ್ 2017ರಲ್ಲಿ ತೀರ್ಪು ನೀಡಿದೆ.

ಸಮಸ್ಯೆಯ ತಿರುಳು ಇಲ್ಲಿದೆ. ಹದಿನೈದು ವರ್ಷದ ಹಿಂದೆ ದಂಡ ಕಟ್ಟಿ ಮುಗಿಸಿದ ಸಣ್ಣ ಅಪರಾಧ ಇಂದು ಅರ್ಜಿದಾರರನ್ನು ತಡೆಯುವ ಶಕ್ತಿಯನ್ನೇ ಕಳೆದುಕೊಂಡಿರಬಹುದು. ಆದರೆ ಅದನ್ನು ಮುಚ್ಚಿಡಲು ನಿನ್ನೆ ಬರೆದ ಇಲ್ಲ ಎಂಬ ಉತ್ತರ ಹೊಸ ಕೃತ್ಯ. 40ನೆಯ ಕಲಮು ಅದನ್ನು ತಪ್ಪು ನಿರೂಪಣೆ ಎಂದು ಕರೆಯುತ್ತದೆ, ಅಂದರೆ ಕಾಯ್ದೆಯ ಜಾರಿಯಲ್ಲಿ ತಪ್ಪು ಉಂಟುಮಾಡುವ ಅಥವಾ ಉಂಟುಮಾಡಬಹುದಾದ ಮುಖ್ಯ ಸಂಗತಿಯನ್ನು ತಿರುಚುವುದು ಅಥವಾ ಅಡಗಿಸುವುದು. ಇದರ ಫಲ ಐದು ವರ್ಷದ ಅನರ್ಹತೆ. 2014ರ ನವೆಂಬರ್‌ಗೆ ಮೊದಲು ಇದು ಎರಡು ವರ್ಷವಿತ್ತು. ಆ ಐದು ವರ್ಷಗಳಲ್ಲಿ ಶಾಶ್ವತ ನಿವಾಸಕ್ಕೆ ಅರ್ಜಿ ಹಾಕುವಂತೆಯೇ ಇಲ್ಲ. ಅಡಗಿಸಿದ ಸಂಗತಿಯೇ ನಿರ್ಣಾಯಕವಾಗಿರಬೇಕೆಂದಿಲ್ಲ, ಅದರಿಂದಾಗಿ ಅಧಿಕಾರಿಗಳು ಮಾಡಬೇಕಾದ ವಿಚಾರಣೆ ತಪ್ಪಿಹೋಗುವಂತಿದ್ದರೆ ಸಾಕು ಎಂಬುದು ಅಲ್ಲಿಯ ಫೆಡರಲ್ ನ್ಯಾಯಾಲಯ ಮತ್ತೆ ಮತ್ತೆ ಎತ್ತಿಹಿಡಿದಿರುವ ನಿಲುವು. ಏಜೆಂಟ್ ನಮೂನೆ ತುಂಬಿದರು, ತಾನು ಓದದೆ ಸಹಿ ಹಾಕಿದೆ ಎಂಬ ಸಮಾಧಾನವೂ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಪಿಆರ್ ಸಿಕ್ಕ ಮೇಲೆ ಬಯಲಾದರೆ ಅದು ಹೋಗಬಹುದು, ಪೌರತ್ವ ಬಂದ ಮೇಲೆ ಬಯಲಾದರೆ ಪೌರತ್ವವನ್ನೂ ರದ್ದುಪಡಿಸಬಹುದು. ಜೊತೆಯಲ್ಲಿ ಅರ್ಜಿ ಹಾಕಿದ ಕುಟುಂಬದವರೂ ಇದರಲ್ಲಿ ಸಿಲುಕುತ್ತಾರೆ. ಗಂಡ ಹೆಂಡತಿಗೂ ಹೇಳದೆ ಮುಚ್ಚಿಟ್ಟ ಪ್ರಕರಣಕ್ಕೆ ಹೆಂಡತಿ ಮಕ್ಕಳ ಅರ್ಜಿಗಳು ಬಲಿಯಾಗುವುದು ಈ ಕಾನೂನಿನ ಅತ್ಯಂತ ನೋವಿನ ಮುಖ.

ಸಣ್ಣ ತಪ್ಪು ಮತ್ತು ಮುಚ್ಚಿಟ್ಟ ತಪ್ಪುಗಳ ನಡುವಿನ ಈ ವ್ಯತ್ಯಾಸ ಭಾರತದ ನ್ಯಾಯಾಲಯಗಳಿಗೂ ಪರಿಚಿತ. ಸರ್ಕಾರಿ ನೌಕರಿಯ ಪೊಲೀಸ್ ಪರಿಶೀಲನಾ ನಮೂನೆಯಲ್ಲಿ ಹಳೆಯ ಪ್ರಕರಣ ಮರೆಮಾಚಿದವರ ಕುರಿತು 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮಾಹಿತಿ ಸತ್ಯವಾಗಿಯೇ ಇರಬೇಕೆಂದು ಹೇಳುತ್ತಲೇ, ಎಳೆಯ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಕ್ಷುಲ್ಲಕ ಪ್ರಕರಣವಾಗಿದ್ದರೆ ಮುಚ್ಚಿಟ್ಟ ಲೋಪವನ್ನೂ ಉದ್ಯೋಗದಾತರು ತಮ್ಮ ವಿವೇಚನೆಯಿಂದ ಮನ್ನಿಸಬಹುದೆಂದಿತು. ಕೆನಡಾದ 40ನೆಯ ಕಲಮಿನಲ್ಲಿ ಅಂಥ ವಿಶಾಲ ವಿವೇಚನೆಗೆ ಎಡೆಯಿಲ್ಲ. ತಪ್ಪು ನಿರೂಪಣೆ ಎಂದು ತೀರ್ಮಾನವಾದ ಮೇಲೆ ಐದು ವರ್ಷವನ್ನು ಅಧಿಕಾರಿ ಕಡಿಮೆ ಮಾಡಲಾರರು. ಕ್ಷುಲ್ಲಕವೆಂಬ ವಾದಕ್ಕೆ ಅಲ್ಲಿ ಬೆಲೆ ಸಿಗುವುದು ಸತ್ಯ ಹೇಳಿದ ಬಳಿಕ ಮಾತ್ರ.

ಹಾಗಾದರೆ ಅರ್ಜಿದಾರರು ಮೊದಲು ಮಾಡಬೇಕಾದ ಕೆಲಸ ನಮೂನೆ ತುಂಬುವುದಲ್ಲ, ದಾಖಲೆ ಹುಡುಕುವುದು. ಎಫ್‌ಐಆರ್, ದೋಷಾರೋಪಣ ಪಟ್ಟಿ, ತೀರ್ಪಿನ ದೃಢೀಕೃತ ನಕಲು, ದಂಡ ಕಟ್ಟಿದ ರಶೀದಿ ಇವುಗಳನ್ನು ಪ್ರಕರಣ ನಡೆದ ಊರಿನ ಠಾಣೆ ಮತ್ತು ನ್ಯಾಯಾಲಯದಿಂದ ಪಡೆಯಬೇಕು. ಕಡತ ನಾಶವಾಗಿದ್ದರೆ ಅದು ಲಭ್ಯವಿಲ್ಲವೆಂದು ಕಚೇರಿಯಿಂದ ಲಿಖಿತ ಹಿಂಬರಹ ಪಡೆಯುವುದು ಒಳ್ಳೆಯದು, ಏಕೆಂದರೆ ದಾಖಲೆ ಇಲ್ಲ ಎಂಬುದಕ್ಕೂ ದಾಖಲೆ ಬೇಕಾಗುತ್ತದೆ. ಕನ್ನಡದಲ್ಲಿರುವ ಕಾಗದಗಳಿಗೆ ಇಂಗ್ಲಿಷ್ ಅಥವಾ ಫ್ರೆಂಚ್ ಅನುವಾದ ಕಡ್ಡಾಯ, ಅದನ್ನು ಮನೆಯವರು ಮಾಡುವಂತಿಲ್ಲ. ಇವುಗಳ ಜೊತೆಗೆ ಏನು ನಡೆಯಿತು, ಯಾವಾಗ, ಹೇಗೆ ಮುಗಿಯಿತು ಎಂಬುದನ್ನು ಸಮರ್ಥನೆಯ ಭಾರವಿಲ್ಲದೆ ಹೇಳುವ ಒಂದು ಪುಟದ ವಿವರಣೆ ಇರಬೇಕು.

ಈಗಾಗಲೇ ಇಲ್ಲ ಎಂದು ಬರೆದು ಅರ್ಜಿ ಸಲ್ಲಿಸಿದವರು ಪರವಾನಗಿ ಪಡೆದ ವಲಸೆ ಸಲಹೆಗಾರರ ಅಥವಾ ವಕೀಲರ ನೆರವಿನಿಂದ ತಾವಾಗಿಯೇ ತಿದ್ದುಪಡಿ ಕಳುಹಿಸುವುದು ಉಳಿದಿರುವ ದಾರಿಗಳಲ್ಲಿ ಮೇಲಾದುದು. ತಿದ್ದಿದ ಮಾತ್ರಕ್ಕೆ ರಕ್ಷಣೆ ಖಚಿತವೆಂದಲ್ಲ, ಆದರೆ ಸಂಶಯವನ್ನು ಮುಂದಿಟ್ಟು ಉತ್ತರ ಕೇಳುವ ಅಧಿಕಾರಿಗಳ ಪತ್ರ ಕೈಸೇರಿದ ಮೇಲೆ ಕೊಡುವ ವಿವರಣೆಗೆ ತಾನಾಗಿ ಹೇಳಿದ್ದರ ತೂಕ ಬರುವುದಿಲ್ಲ. ಅನರ್ಹತೆಯ ಐದು ವರ್ಷ ಕಳೆದು ಹೊಸ ಅರ್ಜಿ ಹಾಕುವವರ ಮುಂದೆಯೂ ಅದೇ ನಮೂನೆ ಇರುತ್ತದೆ. ಅದರಲ್ಲಿ ಹಳೆಯ ಪ್ರಕರಣವನ್ನೂ, ಅದನ್ನು ಮುಚ್ಚಿಟ್ಟಿದ್ದಕ್ಕೆ ಬಂದ ನಿರಾಕರಣೆಯನ್ನೂ ಅವರು ಬರೆಯಬೇಕಾಗುತ್ತದೆ.